ಸೇವೆಗೆ ಸೇರದ ವಿಮಾನಕ್ಕೆ ಯಾವ ಬಣ್ಣ?

ನಾಗಪುರದ ರಾಮದಾಸಪೇಠಿನ ಒಂದು ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು ಒಬ್ಬ ಹುಡುಗ ಕೂತಿದ್ದಾನೆ ಎಂದುಕೊಳ್ಳಿ. ಒಂಬತ್ತನೆಯ ಕ್ಲಾಸು, ದೀಪಾವಳಿ ರಜೆ. ಮುಂದೆ ಪ್ಲಾಸ್ಟಿಕ್ ಹಾಳೆ, ಬ್ಲೇಡು, ಫೆವಿಕ್ವಿಕ್, ಎಂ-ಸೀಲ್, ಎರಡು ಬಗೆಯ ಸ್ಯಾಂಡ್ ಪೇಪರ್. ಅವನು ಮಾಡುತ್ತಿರುವುದು ಮಾರುತ್ ಯುದ್ಧವಿಮಾನದ ಮಾದರಿ, 1:72 ಅಳತೆಯದ್ದು. ನಿಜವಾದ ಮಾರುತ್ ಸುಮಾರು 15.9 ಮೀಟರ್ ಉದ್ದ, ಮೇಜಿನ ಮೇಲಿನದು 22 ಸೆಂಟಿಮೀಟರ್. ಆದರೆ ಅವನು ಆರಿಸಿಕೊಂಡಿರುವುದು ವಾಯುಪಡೆಯಲ್ಲಿ ಹಾರಿದ ಮಾರುತ್ ಅಲ್ಲ. ಎಂಜಿನ್ನಿನ ಹಿಂಬದಿಯಲ್ಲಿ ಹೆಚ್ಚುವರಿ ಇಂಧನ ಉರಿಸಿ ಬಲ ಕೂಡಿಸುವ ‘ರೀಹೀಟ್’ ವ್ಯವಸ್ಥೆ ಇದ್ದ, ಪರೀಕ್ಷೆಯ ಹಂತದಲ್ಲೇ ನಿಂತುಹೋದ ಮಾರ್ಕ್ 1ಆರ್.

ಅಂಟು ಒಣಗಿದ ಮೇಲೆ ಹುಡುಗ ಕೇಳುತ್ತಾನೆ: "ಅಜ್ಜಾ, ಇದಕ್ಕ ಯಾವ ಸ್ಕ್ವಾಡ್ರನ್ನಿನ ಬಣ್ಣ ಹಚ್ಚಲಿ?"

"ಅದು ಯಾವ ಸ್ಕ್ವಾಡ್ರನ್ನಿಗೂ ಸೇರಿದ್ದಿಲ್ಲಲ್ಲೋ."

"ಸೇರಿತ್ತು ಅಂತ ತಿಳಕೊಂಡು ಹಚ್ಚತೀನಿ."

ಈ ಕೊನೆಯ ಮಾತು ಹುಡುಗನೊಬ್ಬನದಲ್ಲ. ಜಗತ್ತಿನ ಮಾದರಿ ತಯಾರಕರಲ್ಲಿ ಇದಕ್ಕೆ ದೊಡ್ಡ ಬಳಗವೇ ಇದೆ. ಸೇವೆಗೆ ಬಾರದ ವಿಮಾನಕ್ಕೆ ಬಾರದ ಸೇವೆಯ ಬಣ್ಣ ಬಳಿದು, ಇಲ್ಲದ ಸಂಖ್ಯೆ ಬರೆದು, ಹಾರಿಸದ ಕ್ಷಿಪಣಿ ತೂಗುಹಾಕುವುದಕ್ಕೆ ಅವರು ‘ವಾಟ್-ಇಫ್’ ಎನ್ನುತ್ತಾರೆ. ‘ಹಾಗಾಗಿದ್ದರೆ’ ಎಂಬ ಆಟ. ಆಟದಲ್ಲಿ ತಪ್ಪೇನಿಲ್ಲ. ಆದರೆ ಭಾರತದ ಮಟ್ಟಿಗೆ, ಅದರಲ್ಲೂ ಬೆಂಗಳೂರಿನಲ್ಲಿ ಹುಟ್ಟಿ ಅಲ್ಲೇ ನಿಂತುಹೋದ ವಿಮಾನಗಳ ಮಟ್ಟಿಗೆ, ಈ ಆಟ ಇನ್ನೂ ಸ್ವಲ್ಪ ಕಾಯಬೇಕು. ಅದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ಆ ವಿಮಾನಗಳನ್ನು ಅವು ಇದ್ದ ಹಾಗೆಯೇ ಮಾಡಿ, ಪರೀಕ್ಷೆಯ ದಿನಗಳ ಬಣ್ಣದಲ್ಲೇ ನಿಲ್ಲಿಸಿ, ಯಾಕೆ ನಿಂತುಹೋದವು ಎಂದು ಪೀಠದ ಮೇಲೆ ಬರೆಯುವುದು. ಯಾಕೆಂದರೆ ಬಹುಪಾಲು ಇಂಥ ವಿಮಾನಗಳಿಗೆ ಬೇರೆ ನೆನಪಿನ ಏರ್ಪಾಡೇ ಇಲ್ಲ.

ಈ ಮಾತನ್ನು ನಾಗಪುರದಿಂದ ಶುರುಮಾಡಲು ಕಾರಣವಿದೆ. ನಾಗಪುರಕ್ಕೆ ವಿಮಾನ ಹೊಸತಲ್ಲ. 1949ರಲ್ಲಿ ರಾತ್ರಿಯ ವಿಮಾನ ಅಂಚೆ ಶುರುವಾದಾಗ ದೆಹಲಿ, ಮುಂಬೈ, ಕಲ್ಕತ್ತಾ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ಇಲ್ಲಿ ಸೇರಿ, ಅಂಚೆಚೀಲಗಳನ್ನು ಅದಲುಬದಲು ಮಾಡಿಕೊಂಡು, ಬೆಳಗಿನ ಹೊತ್ತಿಗೆ ತಮ್ಮ ತಮ್ಮ ಊರು ಮುಟ್ಟುತ್ತಿದ್ದವು. ಇವತ್ತು ವಾಯುಪಡೆಯ ಮೆಂಟೆನೆನ್ಸ್ ಕಮಾಂಡಿನ ಮುಖ್ಯ ಕಚೇರಿ ಇರುವುದು ಇದೇ ಊರಿನ ವಾಯುಸೇನಾ ನಗರದಲ್ಲಿ. ಸೇವೆಯಲ್ಲಿರುವ ವಿಮಾನಗಳ ರಿಪೇರಿ, ಬಿಡಿಭಾಗ, ಲೆಕ್ಕಪತ್ರಗಳ ಕೇಂದ್ರ ಅದು. 1991ರಲ್ಲಿ ಎಂಜಿನ್ ಕೈಕೊಟ್ಟು ಇಲ್ಲಿ ಇಳಿದ ಒಂದು ಬೋಯಿಂಗ್ 720 ಮತ್ತೆ ಏಳಲೇ ಇಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಿಮಾನ ನಿಲ್ದಾಣದ ಅಂಗಳದಲ್ಲಿ ಮಳೆಬಿಸಿಲು ತಿನ್ನುತ್ತಾ ನಿಂತಿದ್ದ ಅದನ್ನು ಊರಿನ ಒಂದು ಇಡೀ ತಲೆಮಾರು ನೋಡಿದೆ.

ಆ ನಿಂತ ಬೋಯಿಂಗಿಗೂ ಒಂದು ಜಾತಕವಿತ್ತು. ನೋಂದಣಿ ಸಂಖ್ಯೆ, ಹಿಂದಿನ ಮಾಲೀಕರು, ಎಲ್ಲೆಲ್ಲಿ ಹಾರಿತ್ತು ಎಂಬ ಪಟ್ಟಿ. ಸೇವೆಗೆ ಸೇರಿದ ವಿಮಾನಕ್ಕೆಲ್ಲ ಹೀಗೆ ನೆನಪಿನ ವ್ಯವಸ್ಥೆ ತಾನಾಗಿ ಬೆಳೆಯುತ್ತದೆ. ಸ್ಕ್ವಾಡ್ರನ್ನಿನ ಇತಿಹಾಸ, ನಿವೃತ್ತರ ಕೂಟ, ಯುದ್ಧದ ಕತೆ, ಕೊನೆಗೆ ಯಾವುದಾದರೂ ವೃತ್ತದಲ್ಲಿ ಕಂಬದ ಮೇಲೆ ನಿಲ್ಲುವ ಗೌರವ. ಸೇವೆಗೆ ಸೇರದ ವಿಮಾನಕ್ಕೆ ಸ್ಕ್ವಾಡ್ರನ್ ಇಲ್ಲ, ಕೂಟವಿಲ್ಲ, ಕಂಬವೂ ಇಲ್ಲ. ಅದನ್ನು ಬಲ್ಲವರು ವಿನ್ಯಾಸ ಮಾಡಿದವರು, ತಗಡು ಬಾಗಿಸಿದವರು, ಪರೀಕ್ಷಿಸಿದ ಕೆಲವೇ ಪೈಲಟ್‌ಗಳು. ಅವರು ನಿವೃತ್ತರಾದ ಮೇಲೆ ಕತೆ ಮುಗಿಯಿತು.

ಹುಡುಗನ ಮೇಜಿನ ಮೇಲಿರುವ ವಿಮಾನವನ್ನೇ ನೋಡಿ. ಅದು ಹುಟ್ಟಿದ್ದು ನಾಗಪುರದಿಂದ ಸಾವಿರ ಕಿಲೋಮೀಟರ್ ದಕ್ಷಿಣಕ್ಕಿರುವ ಬೆಂಗಳೂರಿನಲ್ಲಿ. ಬೆಂಗಳೂರಿನಲ್ಲಿ ಹಳೆ ಮದ್ರಾಸ್ ರಸ್ತೆಯಿಂದ ಹಳೆ ಏರ್‌ಪೋರ್ಟ್ ರಸ್ತೆಯ ಕಡೆಗೆ ಹೋಗುವವರು ‘ಸುರಂಜನ್ ದಾಸ್ ರಸ್ತೆ’ಯಲ್ಲಿ ಹಾದುಹೋಗುತ್ತಾರೆ. ಬಸ್ಸಿನ ಕಂಡಕ್ಟರ್‌ಗೂ ಆಟೋದವರಿಗೂ ಬಾಯಿಪಾಠವಾದ ಹೆಸರು. 1961ರ ಜೂನ್ 17ರಂದು ಮಾರುತ್‌ನ ಮೊದಲ ಹಾರಾಟ ನಡೆಸಿದವರು ಆ ಸುರಂಜನ್ ದಾಸ್. 1970ರ ಜನವರಿ 10ರಂದು ಬೆಂಗಳೂರಿನಲ್ಲೇ ಪ್ರಾಣ ಬಿಟ್ಟವರೂ ಅವರೇ. ಅವತ್ತು ಅವರು ಹಾರಿಸುತ್ತಿದ್ದದ್ದು ಮಾರ್ಕ್ 1ಆರ್. ರಸ್ತೆಯ ಹೆಸರು ಎಲ್ಲರಿಗೂ ಗೊತ್ತು, ಆ ವಿಮಾನ ಬಹುತೇಕ ಯಾರಿಗೂ ಗೊತ್ತಿಲ್ಲ.

ಮಾರ್ಕ್ 1ಆರ್ ಯಾಕೆ ಬೇಕಾಯಿತು ಎಂಬುದರಲ್ಲಿ ಮಾರುತ್‌ನ ಇಡೀ ಸಂಕಟವಿದೆ. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಮತ್ತು ಎಚ್‌ಎಎಲ್‌ನ ತಂಡ ಅದನ್ನು ಶಬ್ದದ ಎರಡು ಪಟ್ಟು ವೇಗದ ಗುರಿಯಿಟ್ಟು ರೂಪಿಸಿದರು. ಅದಕ್ಕೆ ಬೇಕಾಗಿದ್ದ ಬಲಶಾಲಿ ಬ್ರಿಟಿಷ್ ಎಂಜಿನ್ ಆರ್ಫಿಯಸ್ 12 ಅಭಿವೃದ್ಧಿಯ ನಡುವೆಯೇ ನಿಂತಿತು. ಸಿಕ್ಕಿದ್ದು ರೀಹೀಟ್ ಇಲ್ಲದ ಆರ್ಫಿಯಸ್ 703. ದೇಹ ಓಟಗಾರನದು, ಹೃದಯ ಮಾತ್ರ ಇನ್ಯಾರದೋ. ಹಾಗಾಗಿ ಇದ್ದ ಎಂಜಿನ್ನಿಗೇ ರೀಹೀಟ್ ಜೋಡಿಸುವ ಯತ್ನ ಬೆಂಗಳೂರಿನಲ್ಲೇ ನಡೆಯಿತು. ಇನ್ನೊಂದು ದಾರಿಯಾಗಿ ಒಂದು ಮಾರುತ್ ಈಜಿಪ್ಟಿಗೆ ಹೋಗಿ, ಅಲ್ಲಿ ತಯಾರಾಗುತ್ತಿದ್ದ ಇ-300 ಎಂಬ ಎಂಜಿನ್ ಹೊತ್ತು 1967ರಲ್ಲಿ ಹಾರಿತು. ಅದೇ ಎಂಜಿನ್ನಿಗಾಗಿ ಈಜಿಪ್ಟ್ ತನ್ನದೇ ಎಚ್‌ಎ-300 ಎಂಬ ಪುಟ್ಟ ಯುದ್ಧವಿಮಾನವನ್ನು ಕಟ್ಟುತ್ತಿತ್ತು. 1964ರ ಮಾರ್ಚ್ 7ರಂದು ಅದನ್ನು ಮೊದಲ ಬಾರಿ ಹಾರಿಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ. 1969ರಲ್ಲಿ ಈಜಿಪ್ಟ್ ಆ ಯೋಜನೆ ಕೈಬಿಟ್ಟಿತು. ಅಲ್ಲಿಗೆ ಮಾರುತ್‌ನ ಆ ದಾರಿಯೂ ಮುಚ್ಚಿತು.

ಕೊನೆಗೆ ವಾಯುಪಡೆ ಸೇರಿದ ಮಾರುತ್‌ಗಳು ಮೂಲ ಎಂಜಿನ್ನಿನವೇ. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ನೆಲದ ಗುರಿಗಳ ಮೇಲೆ ಒಳ್ಳೆಯ ಕೆಲಸ ಮಾಡಿದವು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋದ ಮಕ್ಕಳು ನೋಡುವುದು ಈ ಮಾರುತ್ತನ್ನು. ಅದನ್ನು ನೋಡಿದರೆ ಏನಾಯಿತು ಎಂಬುದು ಗೊತ್ತಾಗುತ್ತದೆ. ಏನೇನು ಪ್ರಯತ್ನ ನಡೆದಿತ್ತು ಎಂಬುದು ಗೊತ್ತಾಗಬೇಕಾದರೆ ಅದರ ಪಕ್ಕದಲ್ಲಿ ಮಾರ್ಕ್ 1ಆರ್ ಇರಬೇಕು, ಈಜಿಪ್ಟಿನ ಎಂಜಿನ್ ಹೊತ್ತ ಮಾರುತ್ ಇರಬೇಕು. ಇವೆಲ್ಲಕ್ಕಿಂತ ಮೊದಲು 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗಕ್ಕೆ ಕಟ್ಟಿ ಮೇಲೇರಿಸಿದ ಎಕ್ಸ್-241 ಇರಬೇಕು. ಅದು ಮಾರುತ್‌ನ ಆಕಾರವನ್ನೇ ಪೂರ್ಣ ಗಾತ್ರದಲ್ಲಿ ಮರದಿಂದ ಕಡೆದ, ಎಂಜಿನ್ನೇ ಇಲ್ಲದ ಗ್ಲೈಡರ್. ಸೇವೆಗೆ ಸೇರುವುದು ಅದರ ಗುರಿಯೇ ಆಗಿರಲಿಲ್ಲ. ಈ ರೆಕ್ಕೆ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಲು ಕಟ್ಟಿದ ಆಳೆತ್ತರದ ಮಾದರಿ ಅದು. ಈಗ ಒಬ್ಬ ಹುಡುಗ ಎಕ್ಸ್-241ನ್ನು 22 ಸೆಂಟಿಮೀಟರಿನಲ್ಲಿ ಮಾಡಿದರೆ ಅದು ಮಾದರಿಯ ಮಾದರಿ.

ಮಾದರಿ ಎಂದರೆ ಮಕ್ಕಳ ಆಟಿಕೆ ಎನ್ನುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಯಾವ ವಿಮಾನವೂ ಶುರುವಾಗುವುದು ಮಾದರಿಯಾಗಿಯೇ. ಬೆಂಗಳೂರಿನ ಎನ್‌ಎಎಲ್‌ನಲ್ಲಿ 1967ರಿಂದ ಕೆಲಸ ಮಾಡುತ್ತಿರುವ 1.2 ಮೀಟರಿನ ಟ್ರೈಸಾನಿಕ್ ವಿಂಡ್ ಟನಲ್ ಇದೆ. ಸುರಂಗದೊಳಗೆ ಪುಟ್ಟ ಲೋಹದ ಮಾದರಿಯನ್ನು ನಿಲ್ಲಿಸಿ, ಶಬ್ದದ ವೇಗಕ್ಕಿಂತ ಕಡಿಮೆ, ಹೆಚ್ಚುಕಡಿಮೆ ಸಮ, ಹಲವು ಪಟ್ಟು ಹೆಚ್ಚು ವೇಗಗಳ ಗಾಳಿ ಬಿಟ್ಟು ಅಳೆಯುತ್ತಾರೆ. ದೇಶದ ಯುದ್ಧವಿಮಾನಗಳೂ ರಾಕೆಟ್‌ಗಳೂ ನಿಜವಾದ ಆಕಾಶ ನೋಡುವ ಮುಂಚೆ ಅಂಗೈ-ಮೊಣಕೈ ಗಾತ್ರದಲ್ಲಿ ಆ ಗಾಳಿ ಕಂಡಿವೆ. ಅಲ್ಲಿ ಮಾದರಿ ಒಂದು ಮಿಲಿಮೀಟರಿನ ಸಣ್ಣ ಪಾಲಿನಷ್ಟು ತಪ್ಪಿದರೂ ಲೆಕ್ಕ ತಪ್ಪುತ್ತದೆ. ಮಾದರಿ ಸತ್ಯ ಹೇಳಲೇಬೇಕು ಎಂಬ ನಿಯಮ ವಿಮಾನ ವಿಜ್ಞಾನದ ಒಳಗೇ ಇದೆ. ಮನೆಯ ಮೇಜಿಗೆ ಬಂದ ಕೂಡಲೇ ಅದನ್ನು ಯಾಕೆ ಬಿಡಬೇಕು?

ಕೆನಡಾದ ಕತೆ ಇದನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಆವ್ರೋ ಆ್ಯರೋ ಎಂಬ ಯುದ್ಧವಿಮಾನ 1958ರ ಮಾರ್ಚ್ 25ರಂದು ಮೊದಲು ಹಾರಿತು. 1959ರ ಫೆಬ್ರವರಿ 20ರಂದು ಸರ್ಕಾರ ಯೋಜನೆ ರದ್ದುಮಾಡಿತು. ಹಾರಿದ ಐದು ವಿಮಾನಗಳನ್ನೂ ಒಡೆದು ಗುಜರಿಗೆ ಹಾಕಿದರು, ನಕ್ಷೆಗಳನ್ನೂ ನಾಶಮಾಡಲು ಆದೇಶವಾಯಿತು. ಉಳಿದದ್ದು ಒಂದು ಮೂತಿಯ ಭಾಗ ಮತ್ತು ಕೆಲವು ತುಣುಕು. ಆದರೆ ವಿನ್ಯಾಸದ ದಿನಗಳಲ್ಲಿ ಅದರ ಪುಟ್ಟ ಮಾದರಿಗಳನ್ನು ರಾಕೆಟ್ಟಿಗೆ ಕಟ್ಟಿ ಒಂಟಾರಿಯೋ ಸರೋವರದ ಮೇಲೆ ಹಾರಿಸಿ ಅಳತೆ ತೆಗೆದಿದ್ದರು. ಕೆಲಸ ಮುಗಿದ ಮೇಲೆ ಅವು ನೀರಿನ ತಳ ಸೇರಿದವು. ಆರು ದಶಕಗಳ ಮೇಲೆ ಜನ ಹಣ ಕೂಡಿಸಿ, ಸೋನಾರ್ ಹಿಡಿದು ಹುಡುಕಿದ್ದು ಅವನ್ನೇ. 2017ರಲ್ಲಿ ಒಂದು ಆರಂಭದ ಮಾದರಿ ಸಿಕ್ಕಿತು, ಮರುವರ್ಷ ಮೇಲೆತ್ತಿದರು. ಅಸಲನ್ನು ಸರ್ಕಾರ ಪುಡಿಮಾಡಿತ್ತು. ಕೆಸರಿನಲ್ಲಿ ಹೂತ ಮಾದರಿ ಸಾಕ್ಷಿಯಾಗಿ ಉಳಿಯಿತು.

ಭಾರತದಲ್ಲಿ ಯಾರೂ ಹೀಗೆ ಆದೇಶ ಹೊರಡಿಸಿ ನಾಶಮಾಡಿಲ್ಲ ಎಂಬ ಸಮಾಧಾನ ಬೇಡ. ಮರೆವು ಆದೇಶವಿಲ್ಲದೆಯೂ ಅದೇ ಕೆಲಸ ಮಾಡುತ್ತದೆ. ತರಬೇತಿ ವಿಮಾನಗಳ ಉದಾಹರಣೆ ಸಾಕು. ಎಚ್‌ಪಿಟಿ-32 ಎಂಬ ಪಿಸ್ಟನ್ ಎಂಜಿನ್ನಿನ ವಿಮಾನದಲ್ಲಿ ವಾಯುಪಡೆಯ ಹೊಸ ಪೈಲಟ್‌ಗಳು ಹಾರಲು ಕಲಿಯುತ್ತಿದ್ದರು. ಅದಕ್ಕೇ ಟರ್ಬೊಪ್ರಾಪ್ ಎಂಜಿನ್ ಕೂಡಿಸಿದ ಎಚ್‌ಟಿಟಿ-34 ಅನ್ನು ಎಚ್‌ಎಎಲ್ 1984ರಲ್ಲೇ ಹಾರಿಸಿ ತೋರಿಸಿತು. ಯಾರೂ ಕೊಳ್ಳಲಿಲ್ಲ. ಮುಂದೆ ಎಚ್‌ಟಿಟಿ-35 ಪೂರ್ಣ ಗಾತ್ರದ ಅಣಕುರೂಪದವರೆಗೆ ಬಂದು ನಿಂತಿತು. 2009ರಲ್ಲಿ ಅಪಘಾತಗಳಿಂದಾಗಿ ಎಚ್‌ಪಿಟಿ-32 ನೆಲ ಹಿಡಿಯಿತು. 2012ರಲ್ಲಿ ಸ್ವಿಟ್ಜರ್ಲೆಂಡಿನಿಂದ 75 ಪಿಲಾಟಸ್ ವಿಮಾನಗಳನ್ನು ತರಿಸುವ ಒಪ್ಪಂದವಾಯಿತು. 2016ರಲ್ಲಿ ಎಚ್‌ಎಎಲ್‌ನ ಎಚ್‌ಟಿಟಿ-40 ಮೊದಲ ಬಾರಿ ಹಾರಿತು, ಅದೂ ಟರ್ಬೊಪ್ರಾಪ್. ಈ ಐದನ್ನೂ 1:72ರಲ್ಲಿ ಮಾಡಿ ಒಂದೇ ಹಲಗೆಯ ಮೇಲೆ ಸಾಲಾಗಿ ಇಡಿ. 1984ರ ವಿಮಾನಕ್ಕೂ 2016ರ ವಿಮಾನಕ್ಕೂ ನಡುವೆ 32 ವರ್ಷ. ನಡುವಿನ ಜಾಗದಲ್ಲಿ ಬೇರೆ ದೇಶದ ವಿಮಾನ. ನೂರು ಪುಟದ ವರದಿ ಹೇಳುವುದನ್ನು ಆ ಹಲಗೆ ಒಂದು ನೋಟದಲ್ಲಿ ಕೇಳುತ್ತದೆ: ಮಧ್ಯೆ ಏನಾಯಿತು? ಸೇವೆಗೆ ಸೇರದ ಎರಡನ್ನು ತೆಗೆದುಬಿಟ್ಟರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಎಚ್‌ಟಿಟಿ-34ಕ್ಕೆ ತರಬೇತಿ ಶಾಲೆಯ ಬಣ್ಣ ಬಳಿದು, ಅದು ಸೇವೆ ಸೇರಿದ ಹಾಗೆ ಇಟ್ಟರೂ ಹುಟ್ಟುವುದಿಲ್ಲ. ‘ಹಾಗಾಗಿದ್ದರೆ’ ಆಟದ ತೊಂದರೆ ಇದು. ಸೋಲನ್ನು ಅಳಿಸಿ ಗೆಲುವಿನ ಬಣ್ಣ ಬಳಿದಾಗ, ಸೋಲಿಗೆ ಕಾರಣ ಕೇಳುವ ಹಕ್ಕನ್ನೂ ಬಿಟ್ಟುಕೊಟ್ಟ ಹಾಗಾಗುತ್ತದೆ.

ಇನ್ನು ಕೆಲವು ವಿಮಾನಗಳ ವಿಷಯದಲ್ಲಿ ಬಣ್ಣದ ಪ್ರಶ್ನೆ ಬರೀ ಇತಿಹಾಸದ್ದಲ್ಲ. ಎನ್‌ಎಎಲ್ ರೂಪಿಸಿದ ‘ಸಾರಸ್’ ಹದಿನಾಲ್ಕು ಸೀಟಿನ ನಾಗರಿಕ ವಿಮಾನ. ಬಾಲದ ಹತ್ತಿರ ಎರಡು ಎಂಜಿನ್, ಪ್ರೊಪೆಲರ್ ಹಿಂದಕ್ಕೆ ಮುಖಮಾಡಿ ವಿಮಾನವನ್ನು ತಳ್ಳುವಂಥದ್ದು. 1998ರ ಅಣುಪರೀಕ್ಷೆಯ ನಂತರದ ನಿರ್ಬಂಧಗಳು ಅದನ್ನು ತಡಮಾಡಿದವು. ಮೊದಲ ವಿಮಾನ 2004ರ ಮೇ 29ರಂದು ಹಾರಿತು, ಆದರೆ ಉದ್ದೇಶಿಸಿದ್ದಕ್ಕಿಂತ ತುಂಬ ಹೆಚ್ಚು ತೂಕವಿತ್ತು. ಎರಡನೆಯದು 2007ರಲ್ಲಿ ಹಾರಿತು. 2009ರ ಮಾರ್ಚ್ 6ರಂದು ಆ ಎರಡನೆಯ ವಿಮಾನ ಬಿಡದಿಯ ಹತ್ತಿರ ಬಿತ್ತು. ಗಾಳಿಯಲ್ಲಿ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆಯುತ್ತಿತ್ತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ತೀರಿಕೊಂಡರು. ಮರುಹೊತ್ತಿಸಲು ರೂಪಿಸಿದ್ದ ಕ್ರಮವೇ ಸರಿಯಿರಲಿಲ್ಲ, ಎತ್ತರವೂ ಸಾಲದಾಗಿತ್ತು ಎಂದು ತನಿಖೆ ಹೇಳಿತು.

ಅದಕ್ಕೂ ಹತ್ತು ವರ್ಷ ಹಿಂದೆ, 1999ರ ಜನವರಿ 11ರಂದು, ತಮಿಳುನಾಡಿನ ಅರಕ್ಕೋಣಂ ಬಳಿ ಡಿಆರ್‌ಡಿಒದ ಒಂದು ಎಚ್‌ಎಸ್-748 ಬಿದ್ದು ಎಂಟು ಜನ ಸತ್ತರು. ಬೆನ್ನ ಮೇಲೆ ದೊಡ್ಡ ತಟ್ಟೆಯಂಥ ರೇಡಾರ್ ಗೂಡು ಹೊತ್ತಿದ್ದ ಆ ವಿಮಾನ, ದೂರದ ಶತ್ರುವನ್ನು ಆಕಾಶದಿಂದಲೇ ಪತ್ತೆಮಾಡುವ ಯೋಜನೆಯ ಪರೀಕ್ಷಾ ವಾಹನ. ಯೋಜನೆ ಅಲ್ಲಿಗೆ ನಿಂತಿತು. ಮುಂದೆ ಬೇರೆ ರೂಪದಲ್ಲಿ ಮತ್ತೆ ಶುರುವಾದ ಆ ಪ್ರಯತ್ನದಿಂದ ‘ನೇತ್ರ’ ಬಂತು. ಬ್ರೆಜಿಲಿನ ಎಂಬ್ರೇರ್ ವಿಮಾನದ ಮೇಲೆ ತಟ್ಟೆಯ ಬದಲು ಹಲಗೆಯಂಥ ರೇಡಾರ್ ಕೂಡಿಸಿದ ಅದು 2017ರಲ್ಲಿ ವಾಯುಪಡೆ ಸೇರಿತು. ನೇತ್ರದ ಮಾದರಿ ಮಾಡುವವರು ಸಿಗುತ್ತಾರೆ. ಅದರ ಹಿಂದಿನ ತಟ್ಟೆಯ ವಿಮಾನವನ್ನೂ ಮಾಡಿ ಪಕ್ಕದಲ್ಲಿಟ್ಟಾಗಲೇ ನೇತ್ರ ಎಷ್ಟು ಬೆಲೆ ತೆತ್ತು ಬಂದದ್ದು ಎಂಬುದು ಕಾಣುತ್ತದೆ. ಅಂಥ ವಿಮಾನಕ್ಕೆ ಕಾಲ್ಪನಿಕ ಸ್ಕ್ವಾಡ್ರನ್ನಿನ ಹುಲಿ-ಗರುಡದ ಚಿತ್ರ ಬರೆಯುವ ಕೈ ಒಂದು ಕ್ಷಣವಾದರೂ ತಡೆಯಬೇಕು.

ಇದಕ್ಕೆ ಎದುರುವಾದ ಇಲ್ಲದಿಲ್ಲ. ಮೊದಲನೆಯದು: ಇದು ಹವ್ಯಾಸ, ಶಾಲೆಯ ಪಾಠವಲ್ಲ. ಭಾನುವಾರದ ಎರಡು ಗಂಟೆ ತನಗೆ ಬೇಕಾದ ಬಣ್ಣ ಬಳಿಯುವ ಸ್ವಾತಂತ್ರ್ಯವೂ ಇಲ್ಲವೇ? ಖಂಡಿತ ಇದೆ. ಬ್ರಿಟನ್ನಿನ ಟಿಎಸ್‌ಆರ್-2 ವಿಮಾನದ ಉದಾಹರಣೆ ನೋಡಬಹುದು. 1964ರ ಸೆಪ್ಟೆಂಬರಿನಲ್ಲಿ ಹಾರಿತು, 1965ರ ಏಪ್ರಿಲಿನಲ್ಲಿ ರದ್ದಾಯಿತು. ಹಾರಿದ್ದು ಒಂದೇ ವಿಮಾನ, 24 ಸಲ. ಇವತ್ತು ಅದರ ಕಿಟ್ಟನ್ನು ಏರ್‌ಫಿಕ್ಸ್‌ನಂಥ ದೊಡ್ಡ ಕಂಪನಿಯೇ ಮಾಡಿದೆ. ಪೂರ್ತಿಯಾಗಿ ಉಳಿದ ಎರಡು ವಿಮಾನಗಳು ಅಲ್ಲಿನ ವಸ್ತುಸಂಗ್ರಹಾಲಯಗಳಲ್ಲಿವೆ. ಪುಸ್ತಕಗಳು, ನಕ್ಷೆಗಳು, ವಾದವಿವಾದಗಳು ಬೇಕಾದಷ್ಟಿವೆ. ಹಾಗಿರುವಾಗ ಯಾರೋ ಅದಕ್ಕೆ ಯುದ್ಧದ ಬಣ್ಣ ಬಳಿದರೆ ಸತ್ಯಕ್ಕೆ ಏನೂ ಆಗುವುದಿಲ್ಲ. ಅಸಲು ಕಣ್ಣೆದುರೇ ಇದೆ. ಇಲ್ಲಿನ ಸ್ಥಿತಿ ಬೇರೆ. ಮಾರ್ಕ್ 1ಆರ್‌ನ ಮಾದರಿ ನೋಡಿದವನಿಗೆ ಹೋಲಿಸಿ ನೋಡಲು ಅಸಲು ಇಲ್ಲ. ಅವನಿಗೆ ಮಾದರಿಯೇ ಅಸಲು.

ಮಾದರಿಯೇ ಅಸಲಾಗಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಕನ್ನಡನಾಡು ಚೆನ್ನಾಗಿ ಬಲ್ಲದು. ಬೆಂಗಳೂರಿನ ಪಕ್ಕದ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾಯಿಂದ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ಕ್ಕೆ ಎಲ್ಲಪ್ಪ ಎಂಬ ನಕ್ಷೆಗಾರರು ಚಿತ್ರ ಬರೆದುಕೊಟ್ಟರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಅಂದವಾದ ನಕ್ಷೆಗಳವು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಕೂತು ಲೆಕ್ಕ ಹಾಕಿ, ಇವು ಯಾವುವೂ ಹಾರಲಾರವು, ಗ್ರಂಥವೂ ಪ್ರಾಚೀನವಲ್ಲ ಎಂದು ತೋರಿಸಿದರು. ಆದರೂ ಆ ಚಿತ್ರಗಳು ಇವತ್ತಿಗೂ ಓಡಾಡುತ್ತಿವೆ. ನಕ್ಷೆ ಇದೆ ಅಂದಮೇಲೆ ವಿಮಾನವೂ ಇದ್ದಿರಬೇಕು ಎಂದು ನಂಬುವುದು ಸುಲಭ. ರುಕ್ಮ ವಿಮಾನದ ಮಾದರಿ ಮಾಡಿ ಸಾರಸ್ ಪಕ್ಕದಲ್ಲಿಟ್ಟರೆ ನೋಡುವ ಮಗುವಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಂದು ಕಲ್ಪನೆಯಲ್ಲೇ ಇದ್ದದ್ದು, ಇನ್ನೊಂದು ಮೂವರ ಜೀವ ತೆಗೆದುಕೊಂಡದ್ದು. ಪ್ಲಾಸ್ಟಿಕ್ಕಿಗೆ ಈ ವ್ಯತ್ಯಾಸ ಹೇಳಲು ಬಾಯಿಲ್ಲ. ಹೇಳಬೇಕಾದದ್ದು ಪೀಠದ ಮೇಲಿನ ಎರಡು ಸಾಲು. ವಿಜ್ಞಾನ ಯಾವುದು, ಬಯಕೆ ಯಾವುದು ಎಂಬ ಗೆರೆ ಇಷ್ಟು ಮಸುಕಾಗಿರುವ ಕಾಲದಲ್ಲಿ, ನಿಜವಾಗಿ ದುಡಿದವರ ವಿಮಾನಗಳಿಗೆ ಬಯಕೆಯ ಬಣ್ಣ ಬಳಿಯುವುದು ಅವರಿಗೇ ಅನ್ಯಾಯ. ಅವರ ಕೆಲಸವನ್ನೂ ರುಕ್ಮ ವಿಮಾನದ ಸಾಲಿಗೆ ತಳ್ಳಿದ ಹಾಗೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಇದ್ದ ಹಾಗೆ ಮಾಡು ಎನ್ನುವುದು ಸುಲಭ, ಇದ್ದದ್ದು ಹೇಗೆ ಎಂದು ಹೇಳುವವರು ಯಾರು? ಅಂಗಡಿಯಲ್ಲಿ ಟಿಎಸ್‌ಆರ್-2 ಸಿಕ್ಕಷ್ಟು ಸುಲಭವಾಗಿ ಎಚ್‌ಟಿಟಿ-34 ಸಿಗುವುದಿಲ್ಲ. ಮಾಡುವವನು ಹಳೆಯ ಫೋಟೋಗಳನ್ನು ಸ್ಕೇಲಿನಲ್ಲಿ ಅಳೆದು, ಗೊತ್ತಿರುವ ಉದ್ದದಿಂದ ಗೊತ್ತಿಲ್ಲದ ಅಗಲ ಲೆಕ್ಕಹಾಕಬೇಕು. ಓರೆಯಾಗಿ ತೆಗೆದ ಫೋಟೋದಲ್ಲಿ ರೆಕ್ಕೆ ಗಿಡ್ಡ ಕಾಣುತ್ತದೆ. ಕಪ್ಪು-ಬಿಳುಪು ಚಿತ್ರದಲ್ಲಿ ಕೆಂಪೂ ಕಡುನೀಲಿಯೂ ಒಂದೇ ಬೂದು. ಹುಡುಗ ಸ್ಕ್ವಾಡ್ರನ್ನಿನ ಬಣ್ಣ ಹಚ್ಚಲು ಹೊರಟದ್ದು ಬರೀ ಆಸೆಯಿಂದಲ್ಲ. ಸ್ಕ್ವಾಡ್ರನ್ನಿನ ಮಾರುತ್‌ಗಳ ಬಣ್ಣ ಅವನಿಗೆ ಸಿಗುತ್ತದೆ, ಮಾರ್ಕ್ 1ಆರ್‌ನದು ಸಿಗುವುದಿಲ್ಲ. ಸತ್ಯ ಸಿಗದ ಕಡೆ ಕಲ್ಪನೆ ಬಂದು ಕೂರುತ್ತದೆ.

ಆದ್ದರಿಂದ ಈ ವಾದದ ಅರ್ಧ ಭಾರ ಹವ್ಯಾಸಿಗಳ ಮೇಲಿದ್ದರೆ ಇನ್ನರ್ಧ ಸಂಸ್ಥೆಗಳ ಮೇಲಿದೆ. ಎಚ್‌ಎಎಲ್, ಎನ್‌ಎಎಲ್, ಡಿಆರ್‌ಡಿಒಗಳು ನಿಂತುಹೋದ ಪ್ರತಿಯೊಂದು ವಿಮಾನಕ್ಕೂ ಮೂರು ಹಾಳೆಯಷ್ಟು ಮಾಹಿತಿ ಹೊರಗಿಡಬೇಕು. ಒಂದರಲ್ಲಿ ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಕಾಣುವ ಹೊರರೇಖೆ, ಅಳತೆ ಸಮೇತ. ಇನ್ನೊಂದರಲ್ಲಿ ಯಾವ ದಿನ ಯಾವ ಬಣ್ಣದಲ್ಲಿ ಹಾರಿತು, ಯಾರು ಹಾರಿಸಿದರು ಎಂಬ ವಿವರ. ಮೂರನೆಯದರಲ್ಲಿ ಯಾಕೆ ನಿಲ್ಲಿಸಿದರು ಎಂಬ ನೇರ ಉತ್ತರ. ಇದರಲ್ಲಿ ಗುಟ್ಟೇನೂ ಬಯಲಾಗುವುದಿಲ್ಲ. ಸಾರಸ್ ಯಲಹಂಕದ ಏರೋ ಇಂಡಿಯಾದಲ್ಲಿ ಸಾವಿರಾರು ಕ್ಯಾಮೆರಾಗಳ ಎದುರೇ ಹಾರಿದೆ. ಅಮೆರಿಕದ ನಾಸಾ ತನ್ನ ಹಳೆಯ ತಾಂತ್ರಿಕ ವರದಿಗಳನ್ನು, ವಿಫಲವಾದ ಪ್ರಯೋಗಗಳದ್ದನ್ನೂ ಸೇರಿಸಿ, ಯಾರು ಬೇಕಾದರೂ ಓದುವಂತೆ ಇಟ್ಟಿದೆ. ಅದರಿಂದ ಅದರ ಮಾನವೇನೂ ಹೋಗಿಲ್ಲ. ಈ ವಿಮಾನಗಳೆಲ್ಲ ಜನರ ತೆರಿಗೆಯ ದುಡ್ಡಿನಿಂದ ಕಟ್ಟಿದವು. ಹಾರಿದ್ದರ ಜಂಬ ಜನರ ಪಾಲಿಗೆ, ನಿಂತದ್ದರ ಲೆಕ್ಕ ಬೀರುವಿನ ಪಾಲಿಗೆ ಎಂಬ ಹಂಚಿಕೆ ನ್ಯಾಯವಲ್ಲ.

2001ರಲ್ಲಿ ತೆರೆದ ಎಚ್‌ಎಎಲ್‌ನ ಪಾರಂಪರಿಕ ಕೇಂದ್ರ ಹಳೆ ಏರ್‌ಪೋರ್ಟ್ ರಸ್ತೆಯಲ್ಲಿದೆ, ಸುರಂಜನ್ ದಾಸ್ ರಸ್ತೆಗೆ ಹತ್ತಿರದಲ್ಲೇ. ಅಲ್ಲಿ ಒಂದು ಗೋಡೆಯನ್ನು ಇಂಥ ಮಾದರಿಗಳಿಗೆ ಕೊಡಬಹುದು. ನಿಜ ವಿಮಾನ ನಿಲ್ಲಿಸಲು ಮೈದಾನ ಬೇಕು, 1:72ಕ್ಕೆ ಗಾಜಿನ ಒಂದು ಬೀರು ಸಾಕು. ಮಾಡಿಕೊಡುವ ಕೈಗಳೂ ಇವೆ. ಎನ್‌ಸಿಸಿಯ ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ಕಲಿಕೆಯ ಭಾಗ. ಆ ಕೆಡೆಟ್‌ಗಳಿಗೆ ಸಾರಸ್‌ನ ನಕ್ಷೆ ಕೊಟ್ಟು ಮಾಡಿಸಿದರೆ ಅವರು ಕತ್ತರಿಸುವುದು, ಅಂಟಿಸುವುದನ್ನಷ್ಟೇ ಕಲಿಯುವುದಿಲ್ಲ. ಪ್ರೊಪೆಲರ್ ಹಿಂದಕ್ಕೆ ಯಾಕಿದೆ, ಬಾಲದ ಅಡ್ಡರೆಕ್ಕೆ ಅಷ್ಟು ಮೇಲೆ ಯಾಕಿದೆ, ತೂಕ ಯಾಕೆ ಹೆಚ್ಚಾಯಿತು ಎಂದು ಕೇಳುತ್ತಾರೆ. ಗೆದ್ದ ವಿಮಾನದ ಮಾದರಿ ಮಾಡುವಾಗ ಇಂಥ ಪ್ರಶ್ನೆ ಬರುವುದು ಅಪರೂಪ. ಗೆದ್ದದ್ದು ಸರಿಯಿದ್ದೇ ಗೆದ್ದಿತು ಎಂದುಕೊಂಡು ಮುಂದೆ ಹೋಗುತ್ತಾರೆ.

ಇನ್ನೊಂದು ಎಚ್ಚರವೂ ಬೇಕು. ‘ಸೇವೆಗೆ ಸೇರಲಿಲ್ಲ’ ಎಂಬ ಮಾತು ಕೆಲವು ಸಲ ಅವಸರದ್ದಾಗುತ್ತದೆ. ಎಚ್‌ಜೆಟಿ-36 ‘ಸಿತಾರ’ ಜೆಟ್ ತರಬೇತಿ ವಿಮಾನ 2003ರ ಮಾರ್ಚ್ 7ರಂದು ಮೊದಲು ಹಾರಿತು. ಗಿರಕಿ ಹೊಡೆದಾಗ ಅದು ನಡೆದುಕೊಳ್ಳುವ ರೀತಿಯನ್ನು ಸರಿಪಡಿಸುವುದರಲ್ಲೇ ವರ್ಷಗಳು ಹೋದವು. 2025ರ ಏರೋ ಇಂಡಿಯಾದಲ್ಲಿ ಅದು ‘ಯಶಸ್’ ಎಂಬ ಹೊಸ ಹೆಸರಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಸಾರಸ್ ಕೂಡ 2018ರಲ್ಲಿ ಸುಧಾರಿತ ರೂಪದಲ್ಲಿ ಮತ್ತೆ ಹಾರಿತು, ಈಗ 19 ಸೀಟಿನ ಮಾರ್ಕ್ 2 ಆಗಿ ಮುಂದುವರಿಯುತ್ತಿದೆ. ಪೀಠದ ಮೇಲೆ ಬರೆಯುವವನು ತೀರ್ಪು ಬರೆಯಬಾರದು, ತಾರೀಖು ಬರೆಯಬೇಕು. ‘ಇಂಥ ವರ್ಷದವರೆಗೆ ಸೇವೆಗೆ ಸೇರಿಲ್ಲ’ ಎಂದರೆ ಸಾಕು. ನಾಳೆ ಸೇರಿದರೆ ಪಕ್ಕದಲ್ಲಿ ಇನ್ನೊಂದು ಮಾದರಿ ಇಟ್ಟರಾಯಿತು.

ಮತ್ತೆ ರಾಮದಾಸಪೇಠಿನ ಮೇಜಿಗೆ ಬಂದರೆ, ಹುಡುಗನ ಮುಂದೆ ಈಗ ಮೂರು ದಾರಿ. ಸ್ಕ್ವಾಡ್ರನ್ನಿನ ಬಣ್ಣ ಹಚ್ಚಿ ಬಂದವರಿಗೆಲ್ಲ ಯುದ್ಧದ ಕತೆ ಹೇಳಬಹುದು. ಬಣ್ಣ ಗೊತ್ತಿಲ್ಲವೆಂದು ಕೆಲಸ ಬಿಟ್ಟು ಡಬ್ಬಿಯಲ್ಲಿ ಹಾಕಿಡಬಹುದು. ಅಥವಾ ಬೂದು ಪ್ರೈಮರ್ ಹೊಡೆದು ಅಷ್ಟಕ್ಕೇ ನಿಲ್ಲಿಸಿ, ಸತ್ಯ ಸಿಗುವವರೆಗೆ ಕಾಯಬಹುದು. ಅಜ್ಜ ಹೇಳುವುದು ಮೂರನೆಯದನ್ನೇ ಆಗಿರಲಿ.

"ಬೂದು ಬಣ್ಣದಾಗ ಇಟ್ಟರ ಅರ್ಧಾ ಮಾಡಿ ಬಿಟ್ಟಂಗ ಕಾಣತದ, ಅಜ್ಜಾ."

"ಅದೂ ಅರ್ಧಕ್ಕೇ ನಿಂತಿದ್ದಪಾ. ಇರಲಿ ಬಿಡು. ಕೆಳಗ ಹೆಸರು ಬರಿ."

ಕೆಳಗಿನ ಹಲಗೆಯಲ್ಲಿ ಹೆಚ್ಚೇನೂ ಬೇಡ. ‘ಮಾರುತ್ ಮಾರ್ಕ್ 1ಆರ್. ಬೆಂಗಳೂರು. ರೀಹೀಟ್ ಪರೀಕ್ಷೆಗೆ ಕಟ್ಟಿದ್ದು. 10 ಜನವರಿ 1970ರಂದು ಇದನ್ನು ಹಾರಿಸುವಾಗ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಸೇವೆಗೆ ಸೇರಲಿಲ್ಲ. ಬಣ್ಣ ತಿಳಿದಿಲ್ಲ.’ ಒಂದು ಸಾಲು ಕನ್ನಡದಲ್ಲಿ, ಅದರ ಕೆಳಗೆ ಪಕ್ಕದ ಮನೆಯ ಗೆಳೆಯರಿಗಾಗಿ ಮರಾಠಿಯಲ್ಲಿ. ಆಕಾರದಲ್ಲಿ ಏನಾದರೂ ತಪ್ಪಿದ್ದರೆ, ಮುಂದೊಂದು ದಿನ ಬೆಂಗಳೂರಿನ ಯಾವುದೋ ಬೀರುವಿನಿಂದ ನಕ್ಷೆ ಹೊರಬಂದಾಗ, ಎಂ-ಸೀಲ್ ಕೆರೆದು ತಿದ್ದಬಹುದು. ಬಣ್ಣವನ್ನೂ ಅವತ್ತೇ ಹಚ್ಚಬಹುದು.